ದುಂಡಣ್ಣನ ಹೊಸ ಸಹಿ

ಇನ್ನು ಮುಂದೆ ಈ ಕಚೇರಿಯಲ್ಲಿ ಕಾಗದ ಇರುವುದಿಲ್ಲ, ಫೈಲು ಇರುವುದಿಲ್ಲ, ಸಹಿ ಮಾಡಲು ಪೆನ್ನೂ ಬೇಕಾಗಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಎಂದು ನೀರು ಸರಬರಾಜು ಕಚೇರಿಯ ಮ್ಯಾನೇಜರಮ್ಮ ಸಭೆಯಲ್ಲಿ ಹೇಳಿದಾಗ, ಅಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ಹೆಡ್ ಕ್ಲಾರ್ಕ್ ದುಂಡಣ್ಣನ ಮುಖವನ್ನು. ಪಾಪ, ಈ ಮನುಷ್ಯ ಇನ್ನು ಬದುಕಿದ ಹಾಗೇ ಎಂದು ಒಬ್ಬಿಬ್ಬರು ಲೊಚಗುಟ್ಟಿದ್ದೂ ಕೇಳಿಸಿತು.

ಯಾಕೆಂದರೆ ಆ ಕಚೇರಿಯಲ್ಲಿ ಕಾಗದದ ಮೇಲೆ ಜೀವ ಇಟ್ಟುಕೊಂಡವನು ಯಾರಾದರೂ ಇದ್ದರೆ ಅದು ಅವನೇ. ಅವನ ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಅಕ್ಷರ ದುಂಡಗಿದೆ ಎಂದು ಯಾರೋ ಒಮ್ಮೆ ದುಂಡಣ್ಣ ಅಂದರು, ಅದೇ ನಿಂತಿತು. ಆಳು ನೋಡಿದರೆ ಒಣಕಲು ಕಡ್ಡಿ. ಹೊಸಬರು ಬಂದು ದುಂಡಣ್ಣ ಎಲ್ಲಿ ಎಂದು ಕೇಳಿ, ಇವನನ್ನು ನೋಡಿ, ಇವನಾಗಿರಲಿಕ್ಕಿಲ್ಲ ಎಂದುಕೊಂಡು ಪಕ್ಕದ ಮೇಜಿನ ದಪ್ಪ ಗುಮಾಸ್ತನ ಮುಂದೆ ಹೋಗಿ ನಿಲ್ಲುವುದು ಅಲ್ಲಿ ಮಾಮೂಲು. ಮನೆಗೆ ನಲ್ಲಿ ಕೊಡುವ ಮಂಜೂರಾತಿ ಪತ್ರಕ್ಕೆ ಅವನ ಸಹಿ ಬೀಳುತ್ತಿತ್ತು. ಕೆಲವರು ಆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದುಂಟು. ನೀರು ಬರುತ್ತದೋ ಇಲ್ಲವೋ, ಪತ್ರವಂತೂ ಚೆನ್ನಾಗಿದೆ ಎಂದು ಜನ ನಗುತ್ತಿದ್ದರು.

ಅಂಥವನು ಅವತ್ತು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ತುಂಬ ಒಳ್ಳೆಯ ಕೆಲಸ ಮೇಡಂ, ಮುಂದಿನ ತಿಂಗಳವರೆಗೆ ಯಾಕೆ ಕಾಯಬೇಕು, ಆಗುವುದಾದರೆ ನಾಳೆಯಿಂದಲೇ ಶುರುಮಾಡಿ ಅಂದುಬಿಟ್ಟ. ಅಂದವನು ಕೈಗಳೆರಡನ್ನೂ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಕುಳಿತ.

ಸಭೆ ಬಾಯಿ ಬಿಟ್ಟುಕೊಂಡು ನೋಡಿತು. ಹಿಂದಿನ ಸಾಲಿನಲ್ಲಿದ್ದ ಟಪಾಲಕ್ಕ ಮಾತ್ರ ಬಾಯಿ ಬಿಗಿಹಿಡಿದು ಕುಳಿತಳು. ಅವಳು ಹಾಗೆ ಬಾಯಿ ಮುಚ್ಚಿದಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಟಪಾಲಕ್ಕ ಎಂದರೆ ಟಪಾಲು ವಿಭಾಗದವಳು. ಬಂದ ಪತ್ರಕ್ಕೆ ಮೊಹರು ಒತ್ತಿ ಒಳಗೆ ಕಳಿಸುವುದು, ಹೋಗುವ ಪತ್ರಕ್ಕೆ ಅಂಟು ಹಚ್ಚಿ ಹೊರಗೆ ಕಳಿಸುವುದು, ನಡುವೆ ಸಿಕ್ಕಿದವರನ್ನು ಬೈಯುವುದು, ಇಷ್ಟು ಅವಳ ಕೆಲಸ. ಅವಳೂ ದುಂಡಣ್ಣನೂ ಹೆಚ್ಚೂಕಡಿಮೆ ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿದವರು. ಅವಳು ಇವನನ್ನು ಅಣ್ಣ ಅನ್ನುತ್ತಿದ್ದಳು, ಇವನು ಅವಳನ್ನು ಅಕ್ಕ ಅನ್ನುತ್ತಿದ್ದ. ಹಾಗಾದರೆ ದೊಡ್ಡವರು ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ, ಸಂಜೆ ಒಂದು ಟೀಯಲ್ಲಿ ಅರ್ಧರ್ಧ. ಉಳಿದವರೆಲ್ಲ ವರ್ಗವಾಗಿ ಬಂದರು, ಹೋದರು. ಇವರಿಬ್ಬರು ಮಾತ್ರ ಆ ಕಟ್ಟಡದ ಕಂಬಗಳ ಹಾಗೆ ಅಲ್ಲೇ ಉಳಿದರು.

ಆದರೆ ಈಗ ಕೆಲವು ತಿಂಗಳಿಂದ ಅವರಿಬ್ಬರ ನಡುವೆ ಮಾತಿಗಿಂತ ಮೌನವೇ ಜಾಸ್ತಿಯಾಗಿತ್ತು. ಕಾರಣ ಒಂದು ಲೇಬಲ್ಲು.

ನಗಬೇಡಿ. ಆ ಕಚೇರಿಯಲ್ಲಿ ಒಂದು ರೂಢಿ ಇತ್ತು. ಯಾರದೇ ಮಗು ಶಾಲೆಗೆ ಸೇರಲಿ, ಅದರ ಮೊದಲ ನೋಟ್‌ಬುಕ್ಕಿನ ಲೇಬಲ್ಲಿನ ಮೇಲೆ ಹೆಸರು ಬರೆಯಬೇಕಾದವನು ದುಂಡಣ್ಣ. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ಪಂಪ್ ಆಪರೇಟರನ ಅವಳಿಜವಳಿ ಮಕ್ಕಳಿಗೆ ಬರೆದಿದ್ದ, ಬೇರೆ ಊರಿಗೆ ವರ್ಗವಾಗಿ ಹೋದ ಎಂಜಿನಿಯರ್ ಅಂಚೆಯಲ್ಲಿ ಕಳಿಸಿದ ಲೇಬಲ್ಲಿಗೂ ಬರೆದಿದ್ದ. ಟಪಾಲಕ್ಕನ ಮಗನಿಗೆ ಬರೆದಿದ್ದ, ಮಗಳಿಗೂ ಬರೆದಿದ್ದ. ಈಗ ಆ ಮಗಳ ಮಗಳು ಶಾಲೆಗೆ ಸೇರುವ ಹೊತ್ತು. ಟಪಾಲಕ್ಕ ಅಂಗಡಿ ಅಂಗಡಿ ಸುತ್ತಿ, ಅಂಚಿನಲ್ಲಿ ನೀಲಿ ಗೆರೆ ಇರುವ ಚೆಂದದ ಲೇಬಲ್ಲು ತಂದು ಇವನ ಮುಂದೆ ಇಟ್ಟಳು. ಇವನು ಅದನ್ನು ಮುಟ್ಟಲೂ ಇಲ್ಲ. ಈಗೆಲ್ಲ ಪ್ರಿಂಟ್ ತೆಗೆಸ್ತಾರಕ್ಕ, ಅದೇ ನೀಟಾಗಿರುತ್ತೆ ಅಂದ. ಮುಖ ಕೂಡ ಎತ್ತಲಿಲ್ಲ.

ಅವಳು ಲೇಬಲ್ಲನ್ನು ಹಾಗೇ ತೆಗೆದು ಪರ್ಸಿಗೆ ಹಾಕಿಕೊಂಡು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಿಜ ಏನೆಂದರೆ ದುಂಡಣ್ಣನ ಕೈ ನಡುಗಲು ಶುರುವಾಗಿತ್ತು.

ಮೊದಮೊದಲು ಟೀ ಕಪ್ಪಿನಲ್ಲಿ ಕಾಣಿಸಿತು. ಆಮೇಲೆ ಅಂಗಿಯ ಗುಂಡಿಯಲ್ಲಿ. ಕೊನೆಗೆ ಪೆನ್ನಿಗೂ ಬಂತು. ಸುಮ್ಮನಿದ್ದಾಗ ಕೈ ಮಗುವಿನ ಹಾಗೆ ತಣ್ಣಗಿರುತ್ತಿತ್ತು. ಪೆನ್ನು ಕಾಗದಕ್ಕೆ ತಾಗಿಸಿದರೆ ಸಾಕು, ಗಡಗಡ. ಪ್ರಾಣಕ್ಕೇನೂ ಅಪಾಯವಿಲ್ಲ, ಕೆಲವರಿಗೆ ವಯಸ್ಸಾಗುತ್ತ ಹೀಗಾಗುತ್ತದೆ, ಮಾತ್ರೆಯಿಂದ ಒಂದಿಷ್ಟು ಹತೋಟಿಗೆ ಬರಬಹುದು, ಪೂರ್ತಿ ಹೋಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಪ್ರಾಣಕ್ಕೆ ಅಪಾಯವಿಲ್ಲ ಎಂದು ಅವರು ಸಮಾಧಾನ ಹೇಳಿದಾಗ ದುಂಡಣ್ಣ ತಲೆ ಅಲ್ಲಾಡಿಸಿದ. ಅವನ ಪ್ರಾಣ ಇದ್ದದ್ದೇ ಆ ಬೆರಳುಗಳಲ್ಲಿ ಎಂದು ಪಾಪ ಆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು.

ವಿಷಯ ಗೊತ್ತಿದ್ದದ್ದು ಹೆಂಡತಿಗೆ ಒಬ್ಬಳಿಗೇ. ದಿನಾ ಬೆಳಿಗ್ಗೆ ಅವಳು ಬಂದು ಅಂಗಿಯ ಗುಂಡಿ ಹಾಕಿಕೊಡುತ್ತಿದ್ದಳು. ಈ ಬಗ್ಗೆ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಗುಂಡಿ ಹಾಕುತ್ತ ಅವಳು ತರಕಾರಿ ತರುವ ವಿಷಯ, ಕೆಟ್ಟುಹೋದ ಮಿಕ್ಸಿಯ ವಿಷಯ ಹೇಳುವಳು, ಇವನು ಹೂಂಗುಟ್ಟುವನು. ಕೊನೆಯ ಗುಂಡಿ ಆದಮೇಲೆ ಕಾಲರು ಸರಿಮಾಡಿ ಎದೆಯನ್ನೊಮ್ಮೆ ಸವರಿ ಕಳಿಸುವಳು. ಮದುವೆಯಾದ ಹೊಸದರಲ್ಲೂ ಅವಳು ಇಷ್ಟು ಮುದ್ದು ಮಾಡಿರಲಿಲ್ಲ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಕಚೇರಿಯಲ್ಲಿ ಅವನು ಕಳ್ಳನ ಹಾಗೆ ದಿನ ನೂಕುತ್ತಿದ್ದ. ಎಲ್ಲರೂ ಊಟಕ್ಕೆ ಎದ್ದಮೇಲೆ ಫೈಲುಗಳನ್ನು ಎದುರಿಗೆ ಹಾಕಿಕೊಂಡು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿಹಿಡಿದು, ಉಸಿರು ಬಿಗಿಹಿಡಿದು ಸಹಿ ಮಾಡುತ್ತಿದ್ದ. ಹೀಗಾಗಿ ಟಪಾಲಕ್ಕನ ಜೊತೆಗಿನ ಊಟ ತಪ್ಪಿತು. ಕಪ್ಪು ಹಿಡಿಯಲಾಗದೆ ಟೀಯೂ ತಪ್ಪಿತು. ಇಷ್ಟಾದರೂ ಸಹಿ ಅಂಕುಡೊಂಕು. ಒಮ್ಮೆ ಮೇಲಿನ ಕಚೇರಿಯವರು, ಇದು ನಿಮ್ಮ ಹೆಡ್ ಕ್ಲಾರ್ಕ್ ಸಹಿಯಂತೆ ಕಾಣುವುದಿಲ್ಲ ಎಂದು ಒಂದು ಪತ್ರವನ್ನೇ ವಾಪಸು ಕಳಿಸಿದ್ದರು. ಅವತ್ತು ಅವನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತ್ತು.

ಇಂಥ ಹೊತ್ತಿನಲ್ಲಿ ಕಾಗದವೇ ಬೇಡ, ಗುಂಡಿ ಒತ್ತಿದರೆ ಸಹಿ ಬೀಳುತ್ತದೆ ಎಂದು ಮ್ಯಾನೇಜರಮ್ಮ ಹೇಳಿದರೆ ಅವನಿಗೆ ಹೇಗಾಗಿರಬೇಡ? ದೇವರೇ ಬಂದು ಕೈಹಿಡಿದಂತಾಯಿತು. ಒಂದು ಬೆರಳಿನಲ್ಲಿ ಕೀ ಒತ್ತಲು ಕೈ ನಡುಗಿದರೇನು, ಬಿಟ್ಟರೇನು. ಯಾರಿಗೂ ಗೊತ್ತಾಗದ ಹಾಗೆ, ದುಂಡಣ್ಣ ದುಂಡಣ್ಣನಾಗಿಯೇ ನಿವೃತ್ತನಾಗಬಹುದು. ಅವನು ಬೇಡಿಕೊಂಡದ್ದು ಇಷ್ಟೇ.

ಅಷ್ಟಾಗಿದ್ದೇ ತಡ, ಕಚೇರಿ ಎರಡು ಪಾಳಯವಾಯಿತು. ಕಾಗದ ಬೇಡ ಅನ್ನುವವರಿಗೆ ದುಂಡಣ್ಣ ಮುಂದಾಳು, ಕಾಗದ ಬೇಕು ಅನ್ನುವವರಿಗೆ ಟಪಾಲಕ್ಕ. ಕರೆಂಟು ಹೋದರೆ ಸಹಿ ಎಲ್ಲಿ ಹುಡುಕುತ್ತೀರಿ ಎಂದು ಅವಳು ಎಲ್ಲರನ್ನೂ ಕೇಳಿದಳು. ಇಲಿ ಕಡಿದರೆ ನಿಮ್ಮ ಫೈಲು ಎಲ್ಲಿ ಹುಡುಕುತ್ತೀರಿ ಎಂದು ಇವನು ಕೇಳಿದ. ನಮ್ಮ ರೆಕಾರ್ಡ್ ರೂಮಿನ ಇಲಿಗೆ ಒಳ್ಳೆಯದು ಕೆಟ್ಟದ್ದು ಗೊತ್ತು, ನಿಮ್ಮ ಕಂಪ್ಯೂಟರಿಗೆ ಅದೂ ಗೊತ್ತಿಲ್ಲ ಎಂದು ಅವಳು ತಿರುಗಿಸಿ ಕೊಟ್ಟಳು. ಕಾಗದ ಉಳಿಸಿ ಎಂದು ಹತ್ತಾರು ಹಾಳೆ ಖರ್ಚುಮಾಡಿ ಮ್ಯಾನೇಜರಮ್ಮನಿಗೆ ಮನವಿ ಬರೆದಳು. ಮುಖಾಮುಖಿ ಮಾತ್ರ ಇಬ್ಬರೂ ಆಡುತ್ತಿರಲಿಲ್ಲ. ನಡುವೆ ಆ ದಪ್ಪ ಗುಮಾಸ್ತ ಇಬ್ಬರ ಮಾತನ್ನೂ ಹೊತ್ತುಕೊಂಡು ಓಡಾಡಿ ಎರಡು ಸುತ್ತು ಸಣ್ಣಗಾದ.

ಒಂದು ದಿನ ಮಾತ್ರ ವರಾಂಡದಲ್ಲಿ ಎದುರೆದುರು ಸಿಕ್ಕಾಗ ಅವಳು ತಡೆದು ನಿಲ್ಲಿಸಿದಳು. "ಬೇರೆ ಯಾರು ಏನು ಬೇಕಾದ್ರೂ ಹೇಳ್ಲಿ ಅಣ್ಣ, ನೀವು ಹೇಳ್ಬಾರದಿತ್ತು" ಅಂದಳು. ಅವನು ಜೇಬಿನಲ್ಲಿದ್ದ ಕೈಯನ್ನು ಇನ್ನೂ ಒಳಕ್ಕೆ ತುರುಕಿ, ಕಾಲಕ್ಕೆ ತಕ್ಕ ಹಾಗೆ ಇರಬೇಕಲ್ಲ ಎಂದೇನೋ ಗೊಣಗಿ ಜಾರಿಕೊಂಡ. ಬೆನ್ನಿಗೆ ಅವಳ ನೋಟ ಚುಚ್ಚುತ್ತಿರುವುದು ಮೆಟ್ಟಿಲು ಇಳಿಯುವವರೆಗೂ ಗೊತ್ತಾಗುತ್ತಿತ್ತು.

ಅಂತೂ ದುಂಡಣ್ಣ ಗೆದ್ದ. ಮೇಜುಗಳ ಮೇಲೆ ಹೊಸ ಕಂಪ್ಯೂಟರು ಬಂದವು. ಕಂಪನಿಯಿಂದ ಒಬ್ಬ ಕಂಪ್ಯೂಟರಿನವನು ಬಂದು, ಡಿಜಿಟಲ್ ಸಹಿ ಹೇಗೆ ಕೊಡುತ್ತೇವೆ ಎಂದು ಎಲ್ಲರನ್ನೂ ನಿಲ್ಲಿಸಿಕೊಂಡು ವಿವರಿಸಿದ. ಬಹಳ ಸುಲಭ ಸಾರ್, ಒಂದೇ ಒಂದು ಸಲ ನನ್ನ ಎದುರಿಗೆ ಕಾಗದದ ಮೇಲೆ ಕೈಯಲ್ಲಿ ಸಹಿ ಮಾಡಬೇಕು ಅಂದ. ಕೆಲಸಕ್ಕೆ ಸೇರಿದಾಗ ಕೊಟ್ಟ ಮಾದರಿ ಸಹಿ ದಾಖಲೆಯಲ್ಲಿದೆಯಲ್ಲ, ಅದಕ್ಕೂ ಇದಕ್ಕೂ ಹೊಂದಿಕೆಯಾದರೆ ಆಯಿತು, ಆಮೇಲೆ ಜನ್ಮದಲ್ಲಿ ಪೆನ್ನು ಹಿಡಿಯಬೇಕಾಗಿಲ್ಲ.

ನೋಡಿದಿರಾ ಗ್ರಹಚಾರ. ಪೆನ್ನಿನಿಂದ ತಪ್ಪಿಸಿಕೊಳ್ಳಲು ಅವನು ಯಾವ ಬಾಗಿಲು ತಟ್ಟಿದನೋ, ಆ ಬಾಗಿಲಲ್ಲೇ ಪೆನ್ನು ಹಿಡಿದುಕೊಂಡು ಒಬ್ಬ ನಿಂತಿದ್ದ.

ಹೊಂದಿಕೆಯಾಗದಿದ್ದರೆ ಎಂದು ದಪ್ಪ ಗುಮಾಸ್ತ ತಮಾಷೆಗೆ ಕೇಳಿದ. ಹೊಸ ಮಾದರಿ ಸಹಿ ಕೊಡಬೇಕು, ಈ ಸಹಿ ಇವರದೇ ಎಂದು ಬಹಳ ವರ್ಷದಿಂದ ಜೊತೆಗೆ ಕೆಲಸ ಮಾಡಿದವರೊಬ್ಬರು ಸಾಕ್ಷಿ ಹಾಕಬೇಕು ಎಂದ ಕಂಪ್ಯೂಟರಿನವನು. ದುಂಡಣ್ಣ ಸುತ್ತಲೂ ಕಣ್ಣು ಹಾಯಿಸಿದ. ಮ್ಯಾನೇಜರಮ್ಮ ಬಂದದ್ದು ಮೊನ್ನೆ ಮೊನ್ನೆ. ಗುಮಾಸ್ತ ಬಂದೂ ಬಹಳ ವರ್ಷವಾಗಿರಲಿಲ್ಲ. ಬಹಳ ವರ್ಷದಿಂದ ಬಲ್ಲವರು ಅಂತ ಇದ್ದದ್ದು ಒಬ್ಬರೇ, ಅವಳು ಆ ಹೊತ್ತಿಗೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದಳು.

ಆ ವಾರವೆಲ್ಲ ಅವನು ಮನೆಯಲ್ಲಿ ಸಹಿ ಅಭ್ಯಾಸ ಮಾಡಿದ. ಹೆಂಡತಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲು ಮಾಡಿ ಕೊಟ್ಟಳು. ಮೇಜಿಗೆ ಮೊಣಕೈ ಊರಿ ನೋಡಿದ, ದಪ್ಪ ಪೆನ್ನು ನೋಡಿದ, ಸಣ್ಣ ಪೆನ್ನು ನೋಡಿದ. ಮಾಡಿದಷ್ಟೂ ಅಕ್ಷರ ಗಾಬರಿಬಿದ್ದ ಇರುವೆ ಸಾಲಿನ ಹಾಗೆ ಚೆಲ್ಲಾಪಿಲ್ಲಿಯಾಯಿತು. ಕೊನೆಗೆ ಪೆನ್ನು ಕೆಳಗಿಟ್ಟು, ಇನ್ನು ಸಾಕು, ರಾಜೀನಾಮೆ ಕೊಟ್ಟುಬಿಡುತ್ತೇನೆ ಅಂದ. ಅದನ್ನಾದರೂ ಟೈಪ್ ಮಾಡಿಸಬಹುದು ಎಂದು ನಗಲು ನೋಡಿ, ನಗು ಬರದೆ ಮುಖ ತಿರುಗಿಸಿಕೊಂಡ.

ಹೆಂಡತಿ ಹಾಳೆಗಳನ್ನು ಒಂದೊಂದಾಗಿ ಜೋಡಿಸಿದಳು. ಒಂದನ್ನೂ ಹರಿಯಲಿಲ್ಲ.

"ಅಕ್ಕನ ಹತ್ರ ಹೋಗಿ ಹೇಳಿ" ಅಂದಳು.

"ಯಾವ ಮುಖ ಇಟ್ಕೊಂಡು ಹೋಗ್ಲಿ? ಇಡೀ ಆಫೀಸಿನ ಎದುರಿಗೆ ಜಗಳ ಆಡಿದೀನಿ."

"ಕೈ ನಡುಗೋದು ನಿಮ್ಮ ತಪ್ಪಲ್ಲ ರೀ. ಮುಚ್ಚಿಟ್ಟಿದ್ದು ಮಾತ್ರ ತಪ್ಪು. ಅವರೇನು ಹೊರಗಿನವರಾ?"

ಬೆಳಿಗ್ಗೆ ಗುಂಡಿ ಹಾಕುವಾಗ ಅವಳು ಮಿಕ್ಸಿಯ ವಿಷಯ ಎತ್ತಲಿಲ್ಲ. ಹಾಕಿ ಮುಗಿಸಿ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಹೋಗಿ ಬನ್ನಿ ಅಂದಳು.

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ದುಂಡಣ್ಣ ಟಪಾಲು ಮೇಜಿನ ಮುಂದೆ ಹೋಗಿ ನಿಂತ. ಟಪಾಲಕ್ಕ ಊಟದ ಡಬ್ಬಿ ಬಿಚ್ಚಿಕೊಂಡು ಒಬ್ಬಳೇ ಕುಳಿತಿದ್ದಳು. ಇವನನ್ನು ನೋಡಿ ಮುಚ್ಚಳ ಹಾಕಿದಳು. ಏನು, ಕಂಪ್ಯೂಟರಿನಲ್ಲಿ ಊಟ ಬರೋದಿಲ್ವಂತಾ ಎಂದು ಕೇಳಿದಳು.

ಅವನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಗಂಟಲಲ್ಲೇ ಉಳಿಯಿತು. ಆಮೇಲೆ ಅವಳ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಅಲ್ಲೇ ಬಿದ್ದಿದ್ದ ಒಂದು ಹಳೆಯ ಲಕೋಟೆಯನ್ನು ಎಳೆದು, ಮಣಿಕಟ್ಟನ್ನು ಒತ್ತಿಹಿಡಿಯದೆ, ಕೈಯನ್ನು ಅದರ ಪಾಡಿಗೆ ಬಿಟ್ಟು ಸಹಿ ಮಾಡಿದ. ಪೆನ್ನಿನ ತುದಿ ಕಾಗದದ ಮೇಲೆ ಟಕಟಕ ಸದ್ದು ಮಾಡಿತು. ಆ ಖಾಲಿ ಕೋಣೆಯಲ್ಲಿ ಅದು ಸಾಕಷ್ಟು ಜೋರಾಗಿಯೇ ಕೇಳಿಸಿತು.

ಟಪಾಲಕ್ಕ ಮೊದಲು ಲಕೋಟೆ ನೋಡಿದಳು, ಆಮೇಲೆ ಕೈ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ಯಾವಾಗಿಂದ?"

"ಸುಮಾರು ದಿನ ಆಯ್ತಕ್ಕ."

"ಅದಕ್ಕೇನಾ ಲೇಬಲ್ಲು ಬರೀಲಿಲ್ಲ?"

ಅವನು ತಲೆ ಆಡಿಸಿದ. "ಕೆಟ್ಟದಾಗಿ ಬರೆದು ನಿಮ್ಮ ಮೊಮ್ಮಗಳಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ."

ಆಗ ಅವಳು ಬೈದಳು. ಆಹಾ, ಎಂಥ ಬೈಗುಳ. ಅಷ್ಟು ತಿಂಗಳು ತುಂಬಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ಬೈದಳು. ನಿಮಗೆ ಬುದ್ಧಿ ಇದೆಯಾ, ನಾನು ಸತ್ತುಹೋಗಿದ್ನಾ, ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ ಎಂದು ಕೇಳಿದಳು. ಕೇಳುತ್ತ ಕೇಳುತ್ತ ಕಣ್ಣಲ್ಲಿ ನೀರು ಬಂತು. ಅದನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ಬೈಯಲು ಶುರುಮಾಡಿದಳು. ದುಂಡಣ್ಣ ಅಷ್ಟನ್ನೂ ನಿಂತು ಕೇಳಿದ. ಅವನಿಗೆ ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಪಕ್ಕಕ್ಕೆ ಸರಿಸಿದ ಹಾಗೆ ಹಗುರವಾಯಿತು.

"ನಾನ್ಯಾಕೆ ಈ ಕಾಗದಕ್ಕೆ ಅಷ್ಟು ಹೊಡೆದಾಡಿದ್ದು ಅಂದ್ಕೊಂಡ್ರಿ?" ಎಂದಳು ಕೊನೆಗೆ. "ದಿನಾ ಅಂಟು ಹಚ್ಚಿ ಹಚ್ಚಿ ನನ್ನ ಬೆರಳೆಲ್ಲ ಒರಟಾಗಿದೆ. ನನಗೇನು ಕಾಗದದ ಮೇಲೆ ಮೋಹ? ಪೆನ್ನು ಕಿತ್ಕೊಂಡ್ರೆ ಈ ಮನುಷ್ಯ ಬದುಕೋದಿಲ್ಲ, ಬಾಯಲ್ಲಿ ಏನೇ ಅಂದ್ರೂ ಒಳಗೆ ಕೊರಗ್ತಾರೆ ಅಂತ, ನಿಮಗೋಸ್ಕರ ಅಣ್ಣ."

ಇಬ್ಬರೂ ಒಬ್ಬನೇ ಮನುಷ್ಯನನ್ನು ಉಳಿಸಲು ಎರಡು ಕಡೆಯಿಂದ ಎಳೆದಾಡಿದ್ದರು. ಆ ಮನುಷ್ಯ ತಾನೇ ಎಂದು ಹೊಳೆದಾಗ ದುಂಡಣ್ಣನಿಗೆ ನಗುವೂ ಬಂತು, ಅಳುವೂ ಬಂತು. ಅವಳು ಡಬ್ಬಿಯ ಮುಚ್ಚಳದಲ್ಲಿ ಊಟ ಹಾಕಿ ಅವನ ಮುಂದೆ ತಳ್ಳಿದಳು. ಮೊದಲು ತಿನ್ನಿ, ಚಮಚ ನಡುಗಿದರೆ ನಡುಗಲಿ, ಇಲ್ಲಿ ನೋಡೋಕೆ ಯಾರೂ ಇಲ್ಲ ಅಂದಳು.

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಮ್ಯಾನೇಜರಮ್ಮನ ಕೋಣೆಗೆ ಹೋದದ್ದನ್ನು ನೋಡಿ ದಪ್ಪ ಗುಮಾಸ್ತ ಕೈಯಲ್ಲಿದ್ದ ಪೇಪರ್‌ವೇಟು ಕೆಳಗೆ ಹಾಕಿದ. ಒಳಗೆ ಕಂಪ್ಯೂಟರಿನವನು ಹಳೆಯ ಮಾದರಿ ಸಹಿಯನ್ನು ಪರದೆಯ ಮೇಲೆ ತೆರೆದಿಟ್ಟಿದ್ದ. ಎಂಥ ಸಹಿ ಅದು, ಒಂದೇ ಉಸಿರಿನಲ್ಲಿ ಎಳೆದದ್ದು. ದುಂಡಣ್ಣ ಅದನ್ನು ಒಂದು ಗಳಿಗೆ ನೋಡಿದ. ತನ್ನ ಹಳೆಯ ಫೋಟೋ ನೋಡುವವನ ಹಾಗೆ ನೋಡಿ, ಕುಳಿತು, ಮುಂದಿದ್ದ ನಮೂನೆಯ ಹಾಳೆಯ ಮೇಲೆ ನಿಧಾನವಾಗಿ ಸಹಿ ಮಾಡಿದ. ಕಂಪ್ಯೂಟರಿನವನು ಅದನ್ನೂ ಇದನ್ನೂ ಹೋಲಿಸಿ, ತಲೆ ಕೆರೆದುಕೊಂಡು, ಎರಡೂ ಒಬ್ಬರದೇ ಅಂತ ಹೇಗೆ ಹೇಳೋದು ಮೇಡಂ ಎಂದು ಕೇಳಿದ. ಕೆಟ್ಟ ಮನಸ್ಸಿನಿಂದಲ್ಲ, ಅವನ ಕೆಲಸ ಅದು.

ಟಪಾಲಕ್ಕ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ಅದು ಆಗಿನ ಕೈ, ಇದು ಈಗಿನ ಕೈ. ಎರಡನ್ನೂ ನಾನು ನೋಡಿದೀನಿ" ಎಂದು ಹೇಳಿ, ಸಾಕ್ಷಿ ಎಂದಿದ್ದ ಕಡೆ ತನ್ನ ಹೆಸರು ಬರೆದಳು. ಅವಳ ಅಕ್ಷರ ಮೊದಲಿಂದಲೂ ಕೋಳಿಕಾಲು. ಅದರ ಪಕ್ಕದಲ್ಲಿ ದುಂಡಣ್ಣನ ಸಹಿ ಅಂಥ ಕೆಟ್ಟದಾಗೇನೂ ಕಾಣಲಿಲ್ಲ.

ಮ್ಯಾನೇಜರಮ್ಮ ಎದ್ದು ಬಂದು ದುಂಡಣ್ಣನಿಗೆ ನೀರು ಕೊಟ್ಟರು. ಚೆಲ್ಲದ ಹಾಗೆ ಲೋಟವನ್ನು ಅರ್ಧ ಮಾತ್ರ ತುಂಬಿಸಿದ್ದರು. ನಿಮ್ಮ ಅಪ್ಪ ಅಮ್ಮನಲ್ಲಿ ಯಾರಿಗಾದರೂ ಹೀಗಿದೆಯಾ ಎಂದು ಟಪಾಲಕ್ಕ ಕೇಳಿಯೇಬಿಟ್ಟಳು. ಅಪ್ಪನಿಗೆ ಎಂದರು ಅವರು.

ಹೊರಗೆ ಬಂದಮೇಲೆ ಟಪಾಲಕ್ಕ ಪರ್ಸು ತೆರೆದು ಆ ಲೇಬಲ್ಲು ತೆಗೆದಳು. ನೀಲಿ ಗೆರೆಯದ್ದು, ತುದಿಯೆಲ್ಲ ಮಡಚಿಹೋಗಿತ್ತು. ಶಾಲೆ ಶುರುವಾಗಿ ಎಷ್ಟೋ ದಿನವಾಗಿದ್ದರೂ ಮೊಮ್ಮಗಳ ನೋಟ್‌ಬುಕ್ಕು ಬೋಳಾಗಿಯೇ ಓಡಾಡುತ್ತಿತ್ತಂತೆ. ಮಗಳು ಪ್ರಿಂಟ್ ಹಾಕಿಸುತ್ತೇನೆ ಅಂದರೆ ಇವಳೇ ಬಿಡಲಿಲ್ಲವಂತೆ. ಈಗ ಬರೀರಿ ಅಂದಳು. ಚೆನ್ನಾಗಿ ಬರೋದಿಲ್ಲಕ್ಕ ಅಂದ. ಚೆನ್ನಾಗಿರೋದು ಬೇಕಾಗಿದ್ರೆ ಪ್ರಿಂಟೇ ಹಾಕಿಸ್ತಿದ್ದೆ ಅಂದಳು ಅವಳು.

ಅವನು ಬರೆದ. ಸಣ್ಣ ಹೆಸರೇ, ಆದರೂ ಬಹಳ ಹೊತ್ತು ಹಿಡಿಯಿತು. ಗೆರೆಗಳು ಅಲೆಅಲೆಯಾದವು, ದುಂಡಗಾಗಬೇಕಾದಲ್ಲಿ ಮೂಲೆ ಬಂತು, ಕೊನೆಯ ಅಕ್ಷರ ನೀಲಿ ಗೆರೆ ದಾಟಿ ಆಚೆ ಹೋಯಿತು. ಟಪಾಲಕ್ಕ ಅದರ ಮೇಲೆ ಊದಿ ಒಣಗಿಸಿ, ಅಂಟು ಹಚ್ಚುವುದು ಮನೆಗೆ ಹೋದಮೇಲೆ ಎಂದು ಲಕೋಟೆಯಲ್ಲಿಟ್ಟುಕೊಂಡಳು.

ಶನಿವಾರ ಅರ್ಧ ದಿನ. ಟಪಾಲಕ್ಕ ಮೊಮ್ಮಗಳನ್ನು ಕಚೇರಿಗೇ ಕರೆದುಕೊಂಡು ಬಂದಳು. ಎರಡು ಜುಟ್ಟಿನ ಹುಡುಗಿ, ಎದೆಗೆ ನೋಟ್‌ಬುಕ್ಕು ಅವಚಿಕೊಂಡಿತ್ತು. ಖಾಲಿಯಾದ ಫೈಲು ಕಪಾಟುಗಳನ್ನು ಒಂದೊಂದಾಗಿ ತೆರೆದು ಮುಚ್ಚಿ, ಹೊಸ ಕಂಪ್ಯೂಟರುಗಳನ್ನೆಲ್ಲ ಮುಟ್ಟಿ, ಕೊನೆಗೆ ದುಂಡಣ್ಣನ ಮೇಜಿನ ಹತ್ತಿರ ಬಂದು ನಿಂತಿತು. ಲೇಬಲ್ಲು ನೋಡಿತು, ಅವನನ್ನು ನೋಡಿತು.

"ತಾತ, ಇದು ನೀವು ಬರೆದಿದ್ದಾ?"

ಮೇಲಿನ ಕಚೇರಿಯವರು ಪತ್ರ ವಾಪಸು ಕಳಿಸಿದಾಗಲೂ ದುಂಡಣ್ಣ ಇಷ್ಟು ಹೆದರಿರಲಿಲ್ಲ. ಹೂಂ ಮರಿ ಅಂದ.

ಮಗು ನೋಟ್‌ಬುಕ್ಕು ತೆರೆದು ತನ್ನ ಮೊದಲ ಪುಟ ತೋರಿಸಿತು. ಅಲ್ಲಿಯೂ ಗೆರೆಗಳು ಅಲೆಅಲೆ, ಅಲ್ಲಿಯೂ ದುಂಡಗಾಗಬೇಕಾದಲ್ಲಿ ಮೂಲೆ, ಅಲ್ಲಿಯೂ ಕೊನೆಯ ಅಕ್ಷರ ಗೆರೆಯ ಆಚೆ. ಎರಡನ್ನೂ ಅಕ್ಕಪಕ್ಕ ಹಿಡಿದು ಅದಕ್ಕೆ ತುಂಬ ಖುಷಿಯಾಯಿತು.

"ನಿಮಗೂ ಈಗ್ತಾನೇ ಬರೆಯೋಕೆ ಹೇಳಿಕೊಡ್ತಿದಾರಾ?"

ದುಂಡಣ್ಣ ಮಗುವಿನ ಮುಖ ನೋಡಿದ.

"ಹೌದು ಮರಿ. ಈಗ ತಾನೇ ಶುರುಮಾಡಿದೀನಿ" ಅಂದ.

ಹಾಗಾದರೆ ಹೆದರಬೇಡಿ, ತನಗೂ ಮೊದಲು ಬರುತ್ತಿರಲಿಲ್ಲ, ಟೀಚರು ಕೈಹಿಡಿದು ತಿದ್ದಿಸಿದರೆ ಬರುತ್ತದೆ ಎಂದು ಮಗು ಧೈರ್ಯ ಹೇಳಿತು. ಹೇಳಿ ಸುಮ್ಮನಾಗಲಿಲ್ಲ. ಅವನ ಮಂಡಿಯ ಮೇಲೆ ಹತ್ತಿ ಕುಳಿತು, ಪೆನ್ಸಿಲನ್ನು ಅವನ ಕೈಗೆ ಕೊಟ್ಟು, ಆ ಕೈಯ ಮೇಲೆ ತನ್ನ ಪುಟ್ಟ ಕೈಯಿಟ್ಟು ಬಿಗಿಯಾಗಿ ಹಿಡಿದುಕೊಂಡಿತು. ನಡುಕವೇನೂ ನಿಲ್ಲಲಿಲ್ಲ, ದೊಡ್ಡ ಕೈಯ ಜೊತೆ ಸಣ್ಣ ಕೈಯೂ ನಡುಗಿತು. ಮಗು ಅದಕ್ಕೆ ತಲೆಕೆಡಿಸಿಕೊಳ್ಳದೆ, ನಾಲಿಗೆಯ ತುದಿ ಹೊರಗೆ ಚಾಚಿಕೊಂಡು, ಅವನಿಂದ ಮೊದಲನೆಯ ಅಕ್ಷರ ತಿದ್ದಿಸಲು ಶುರುಮಾಡಿತು.